ಗಂಟು ಇಳಿಯುವ ಸ್ಟಾಪು

ಹೊಳೆನರಸೀಪುರ
21 ಏಪ್ರಿಲ್ 2025, ಸೋಮವಾರ

ಶ್ರೀ ದೊಡ್ಡಬೀರಯ್ಯನವರಿಗೆ ನಮಸ್ಕಾರ.

ನನ್ನ ಹೆಸರು ಅನುಶ್ರೀ. ಇಲ್ಲಿನ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ನೀವು 2007ರಲ್ಲಿ ಬರೆದ ‘ಓಲೆಕಾರ’ ಎಂಬ ತಂತ್ರಾಂಶ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಇವತ್ತಿಗೂ ಓಡುತ್ತಿದೆ. ಅದಕ್ಕೆ ಒಂದು ಮೇಲ್ ಹಾಕಿದರೆ ನಮ್ಮ ಅರವತ್ತನಾಲ್ಕು ಸದಸ್ಯೆಯರಿಗೂ ತಲುಪುತ್ತದೆ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಅದು ನಮಗೆ ಬೇಡ.

ನಿಮ್ಮ ತಂತ್ರಾಂಶದ ಮೊದಲ ಪುಟದಲ್ಲೇ ಬರೆದಿದ್ದೀರಿ: ‘ದೋಷ ಕಂಡರೆ ಒಂದು ಕಾರ್ಡು ಹಾಕಿ.’ ಕೆಳಗೆ ಅರಕಲಗೂಡಿನ ವಿಳಾಸ. ಹದಿನೆಂಟು ವರ್ಷದ ಮೇಲೆ ನೀವು ಅಲ್ಲೇ ಇದ್ದೀರೋ ಇಲ್ಲವೋ ತಿಳಿಯದು. ಕಾರ್ಡನ್ನು ಯಾರಾದರೂ ಓದಿಬಿಟ್ಟಾರು ಎಂದು ಕವರ್ ಹಾಕುತ್ತಿದ್ದೇನೆ.

ಶುಕ್ರವಾರ ನಮ್ಮ ಕೇಂದ್ರದ ಉಸ್ತುವಾರಿ ನೀಲಗಂಗಮ್ಮನವರ ಕತ್ತರಿ ಕಳೆದುಹೋಯಿತು. ಅವರು ಎಲ್ಲರಿಗೂ ಒಂದು ಮೇಲ್ ಹಾಕಿ, ವಿಷಯದ ಜಾಗದಲ್ಲಿ ‘ಹುಡುಕು ಕತ್ತರಿ’ ಎಂದು ಬರೆದರು. ಓಲೆಕಾರ ತಕ್ಷಣ ಉತ್ತರ ಕೊಟ್ಟಿತು: ‘ಕತ್ತರಿ ಎಂಬ ಸದಸ್ಯರು ಇಲ್ಲ.’ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕತ್ತರಿಯ ಬದಲು ಸದಸ್ಯೆಯೊಬ್ಬಳ ಹೆಸರು ಹಾಕಿ ನೋಡಿದೆ. ಅವಳ ಮೇಲ್ ವಿಳಾಸ, ಊರು, ಹೊಲಿಗೆ ಬಟ್ಟೆಯ ಗಂಟನ್ನು ಬಸ್ಸಿನಿಂದ ಇಳಿಸುವ ಸ್ಟಾಪು, ಎಲ್ಲವನ್ನೂ ಅದು ಕೊಟ್ಟಿತು. ಕೇಳುವವರು ಯಾರು ಎಂದು ಅದು ಕೇಳುವುದೇ ಇಲ್ಲ.

ದಯವಿಟ್ಟು ಇದನ್ನು ತಿದ್ದಿಕೊಡಿ. ನನಗೆ ಓಡಿಸಲು ಗೊತ್ತು, ಬರೆಯಲು ಗೊತ್ತಿಲ್ಲ. ತೂತು ಇರುವುದೇ ಮೇಲ್‌ನಲ್ಲಿ, ಆದ್ದರಿಂದ ಮೇಲ್ ಮಾಡಬೇಡಿ. ಕೇಂದ್ರದ ಫೋನ್ ನಂಬರನ್ನು ನಾವು ಯಾರಿಗೂ ಕೊಡುವುದಿಲ್ಲ, ಕ್ಷಮಿಸಿ. ಅಂಚೆಯಲ್ಲಿ ಬರೆಯಿರಿ.

ಅನುಶ್ರೀ

*

ಅರಕಲಗೂಡು
25 ಏಪ್ರಿಲ್ 2025

ಚಿರಂಜೀವಿ ಅನುಶ್ರೀಗೆ ದೊಡ್ಡಬೀರಯ್ಯ ಮಾಡುವ ಆಶೀರ್ವಾದ.

ಇದ್ದೇನಮ್ಮ, ಇದ್ದೇನೆ. ಎಪ್ಪತ್ತೊಂದು ತುಂಬಿದೆ, ಹಲ್ಲು ಮೂರು ಕಡಿಮೆ. ಹದಿನೆಂಟು ವರ್ಷದಲ್ಲಿ ‘ದೋಷ ಕಂಡರೆ ಕಾರ್ಡು ಹಾಕಿ’ ಎಂಬ ಸಾಲಿಗೆ ಬಂದ ಮೊದಲ ಕಾಗದ ನಿನ್ನದು. ನನ್ನ ಹೆಂಡತಿ ವಿಜಯಮ್ಮನಿಗೆ ಎರಡು ಸಲ ಓದಿ ಹೇಳಿದೆ. ಕತ್ತರಿಯ ಕಥೆಗೆ ಅವಳು ನಕ್ಕಿದ್ದು ನಕ್ಕಿದ್ದೇ.

ಆದರೆ ಮಗಳೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಹೇಳುತ್ತಿರುವುದು ದೋಷವಲ್ಲ, ಅನುಕೂಲ. ಬೇಕೆಂದೇ ಇಟ್ಟಿದ್ದು.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವನು. ಆಗ ಊರಿಗೆಲ್ಲಾ ತೊಂಬತ್ತೆರಡು ನಂಬರು. ಚಿಕ್ಕಲಕ್ಷ್ಮಮ್ಮ ಅಂತ ಒಬ್ಬ ಮುದುಕಿಗೆ ಮಿಲಿಟರಿಯಲ್ಲಿದ್ದ ಮಗ ತಿಂಗಳಿಗೊಮ್ಮೆ ಟ್ರಂಕ್‌ಕಾಲ್ ಮಾಡುತ್ತಿದ್ದ. ಎದುರು ಮನೆಯ ಅಂಗಡಿ ನಂಬರು ಕೇಳುತ್ತಿದ್ದ. “ಸಾ, ನಮ್ಮವ್ವ ಅಂಗ್ಡಿತಾವ ಅವ್ಳಾ?” ಅನ್ನುವನು. “ಇಲ್ಲ ಕಣಪ್ಪ, ಈಗ ಮಿಲ್‌ತಾವ ಓಗವ್ಳೆ, ತಡಿ, ಅಲ್ಲಿಗೇ ಕೊಡ್ತೀನಿ” ಎಂದು ಅಕ್ಕಿ ಗಿರಣಿಗೆ ಕನೆಕ್ಷನ್ ಕೊಡುತ್ತಿದ್ದೆ. ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಎಂಬುದು ಆಪರೇಟರಿಗೆ ಗೊತ್ತಿರಬೇಕು. ಹುಡುಕಿಕೊಂಡು ಬಂದವರನ್ನು ಬರಿಗೈಲಿ ಕಳಿಸಬಾರದು. ನಮ್ಮ ಕೆಲಸದ ಮರ್ಯಾದೆ ಅದು. ಅದನ್ನೇ ಓಲೆಕಾರನಿಗೂ ಕಲಿಸಿದೆ. ಇನ್ನೊಂದು ಮರ್ಯಾದೆಯನ್ನೂ ಕಲಿಸಿದ್ದೇನೆ: ಯಾರು ಯಾರನ್ನು ಕೇಳಿದರು ಎಂದು ಅದು ಎಲ್ಲೂ ಬರೆದಿಡುವುದಿಲ್ಲ. ಕನೆಕ್ಷನ್ ಕೊಟ್ಟು ಮರೆತುಬಿಡಬೇಕು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀನು ನಗಬಹುದು. ನಗು. ಆದರೂ ಹೊಲಿಗೆಯವರ ಪಟ್ಟಿಯಿಂದ ಯಾರು ಏನನ್ನು ಕದಿಯುತ್ತಾರೆ? ರವಿಕೆ ಅಳತೆಯನ್ನೆ?

ನಾನು ಮೊಬೈಲ್ ಮುಟ್ಟುವುದಿಲ್ಲ. ಮೂವತ್ತೊಂದು ವರ್ಷ ಕಿವಿ ಸವೆಸಿದ್ದು ಸಾಕು. ಕಾಗದ ಬರಿ, ಖುಷಿಯಾಗುತ್ತದೆ.

ದೊಡ್ಡಬೀರಯ್ಯ

*

ಹೊಳೆನರಸೀಪುರ
29 ಏಪ್ರಿಲ್ 2025, ಮಂಗಳವಾರ

ದೊಡ್ಡಬೀರಯ್ಯನವರೇ,

ನಿಮ್ಮ ಕಾಗದ ನಿನ್ನೆ ಬಂತು. ಚಿಕ್ಕಲಕ್ಷ್ಮಮ್ಮನವರ ಮಗ ಪುಣ್ಯವಂತ. ಆದರೆ ಅವನು ತಾಯಿಯನ್ನು ಕೇಳಿದ. ಪ್ರತಿಯೊಬ್ಬರೂ ತಾಯಿಯನ್ನೇ ಕೇಳುವುದಿಲ್ಲ.

ಮೊನ್ನೆ ಹಾಸನಕ್ಕೆ ಹೋಗಿ ಒಂದು ಬ್ರೌಸಿಂಗ್ ಸೆಂಟರಿನಿಂದ ಪರೀಕ್ಷೆ ಮಾಡಿದೆ. ಹೊಸದಾಗಿ ಮಾಡಿಕೊಂಡ, ಯಾರಿಗೂ ಗೊತ್ತಿಲ್ಲದ ಮೇಲ್ ವಿಳಾಸದಿಂದ ನನ್ನದೇ ಹೆಸರು ಕೇಳಿದೆ. ನಾನು ಇರುವ ಬೀದಿಯ ಸಮೇತ ಉತ್ತರ ಬಂತು. ಹೆದರಿ ಅದನ್ನು ಅಳಿಸಿಹಾಕಿ, ಸಿಕ್ಕ ಬಸ್ಸಿಗೆ ವಾಪಸ್ ಬಂದೆ. ಯಾಕೆ ಎಂದು ನೀವು ಕೇಳಬೇಡಿ.

ಇನ್ನೊಂದು ವಿಷಯ. ನಿಮ್ಮ ಓಲೆಕಾರ ಯಾರು ಯಾರನ್ನು ಕೇಳಿದರು ಎಂದು ಬರೆದಿಡುವುದಿಲ್ಲ, ನಿಜ. ಆದರೆ ಎಷ್ಟು ವಿಳಾಸ ಕೊಟ್ಟೆ, ಯಾವ ದಿನ ಕೊಟ್ಟೆ ಎಂದು ಎಣಿಕೆ ಇಡುತ್ತದೆ. ನೀವೇ ಇಟ್ಟಿದ್ದು, ಮರೆತಿರಬಹುದು. ಈ ವರ್ಷ ವಿಳಾಸ ಕೊಟ್ಟ ಉತ್ತರ ಒಟ್ಟು ಏಳು. ಆರು ನನ್ನ ಪರೀಕ್ಷೆಯವು. ಏಳನೆಯದು ನನ್ನದಲ್ಲ. ಅದು ಏಪ್ರಿಲ್ ಒಂಬತ್ತನೇ ತಾರೀಕು ಬುಧವಾರ ಹೋಗಿದೆ.

ಯಾರಿಗೆ? ಯಾರ ಬಗ್ಗೆ? ನಿಮ್ಮ ಮರ್ಯಾದೆಯ ದೆಸೆಯಿಂದ ನನಗೆ ಗೊತ್ತಾಗುವ ದಾರಿಯೇ ಇಲ್ಲ.

ಇವತ್ತು ಬೆಳಿಗ್ಗೆ ಓಲೆಕಾರನ ಮೇಲ್ ಪಟ್ಟಿಯನ್ನು ಪೂರ್ತಿ ನಿಲ್ಲಿಸಿದ್ದೇನೆ. ಪಟ್ಟಿ ನಿಂತರೆ ಆರ್ಡರ್ ನಿಂತಿತು, ಗಂಟು ನಿಂತಿತು. ಇದು ಸ್ಕೂಲ್ ಯೂನಿಫಾರ್ಮಿನ ಕಾಲ. ವರ್ಷದ ಕೆಲಸವೆಲ್ಲ ಈ ಆರು ವಾರದಲ್ಲಿ. ಅರವತ್ತನಾಲ್ಕು ಜನ ಮಿಷನ್ನಿನ ಮುಂದೆ ಬರಿಗೈಲಿ ಕೂತಿದ್ದಾರೆ. ಹೆಚ್ಚು ದಿನ ನಿಲ್ಲಿಸಲು ನನ್ನಿಂದ ಆಗದು.

‘ಹುಡುಕು’ ಎಂಬ ಮಾತು ನಿಮ್ಮನ್ನು ಬಿಟ್ಟು ಯಾರಿಗೆ ಗೊತ್ತು? ಇದರ ಬಗ್ಗೆ ನಿಮ್ಮನ್ನು ಯಾರಾದರೂ ಕೇಳಿಕೊಂಡು ಬಂದಿದ್ದರೇ? ನೇರವಾಗಿ ಹೇಳಿ. ಮತ್ತು ತಿದ್ದುಪಡಿ ಕಳಿಸಿ. ಅನುಕೂಲವೋ ದೋಷವೋ ಆಮೇಲೆ ಮಾತಾಡೋಣ.

ಅನುಶ್ರೀ

*

ಅರಕಲಗೂಡು
3 ಮೇ 2025

ಅನುಶ್ರೀಗೆ,

ತಿದ್ದುಪಡಿ ಈ ಕಾಗದದ ಹಿಂಬದಿಯಲ್ಲಿದೆ. ನಾಲ್ಕೇ ಸಾಲು. ನಾನೇ ದುಂಡಗೆ ಬರೆದಿದ್ದೇನೆ, ನೋಡಿಕೊಂಡು ಹಾಗೆಯೇ ಟೈಪ್ ಮಾಡು. ‘ಹುಡುಕು’ ವಿಭಾಗ ಎಲ್ಲಿ ಶುರುವಾಗುತ್ತದೋ ಅದರ ಮೇಲೆ ಇವು ಕೂರಬೇಕು. ಇನ್ನು ಮೇಲೆ ಸದಸ್ಯರಲ್ಲದವರ ಮೇಲ್ ಒಂದೂ ಒಳಗೆ ಬರುವುದಿಲ್ಲ. ‘ನೀವು ಸದಸ್ಯರಲ್ಲ’ ಎಂದು ಬಾಗಿಲಿನಿಂದಲೇ ವಾಪಸ್ ಹೋಗುತ್ತದೆ. ಸದಸ್ಯರು ಕೇಳಿದರೂ ಅವರವರ ವಿಳಾಸ ಮಾತ್ರ ಅವರವರಿಗೆ ಸಿಗುತ್ತದೆ.

ಬರೆಯಲು ಒಂದು ದಿನ ಬೇಕಾಗಿರಲಿಲ್ಲ. ಮೂರು ದಿನ ಮಾಡಿದೆ. ಕೈ ಓಡಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ನನ್ನನ್ನು ಯಾರೂ ಕೇಳಿಕೊಂಡು ಬಂದಿಲ್ಲ.

ನಿಮ್ಮ ಸದಸ್ಯರಲ್ಲಿ ಸಾಲಗಾಮೆ ಕಡೆಯ ಹೆಣ್ಣುಮಗಳು ಯಾರಾದರೂ ಇದ್ದಾಳೆಯೇ? ಆರೇಳು ವರ್ಷದ ಹೆಣ್ಣು ಮಗು ಇರುವವಳು? ಅವಳು ಚೆನ್ನಾಗಿದ್ದಾಳೆಯೇ ಎಂದಷ್ಟೇ ಬರಿ. ಸುಮ್ಮನೆ ಕೇಳಿದೆ.

ದೊಡ್ಡಬೀರಯ್ಯ

*

ಹೊಳೆನರಸೀಪುರ
7 ಮೇ 2025, ಬುಧವಾರ

ದೊಡ್ಡಬೀರಯ್ಯನವರಿಗೆ,

ನಿಮ್ಮ ನಾಲ್ಕು ಸಾಲು ಕೆಲಸ ಮಾಡುತ್ತಿವೆ. ಹಾಸನದಿಂದ ಹದಿನೇಳು ಸಲ ಪ್ರಯತ್ನಿಸಿದೆ, ಹದಿನೇಳು ಸಲವೂ ಬಾಗಿಲಲ್ಲೇ ತಡೆಯಿತು. ಅದಕ್ಕೆ ಧನ್ಯವಾದ. ಪಟ್ಟಿ ಇವತ್ತು ಮತ್ತೆ ಶುರುವಾಗಿದೆ, ಸೋಮವಾರದಿಂದ ಗಂಟುಗಳೂ ಹೊರಡುತ್ತವೆ. ಇನ್ನು ನಿಮ್ಮನ್ನು ತೊಂದರೆಪಡಿಸುವ ಕಾರಣವಿಲ್ಲ.

ಸಾಲಗಾಮೆಯ ಹೆಣ್ಣುಮಗಳ ಬಗ್ಗೆ ಯಾಕೆ ಕೇಳಿದಿರಿ? ನಾನು ನನ್ನ ಕಾಗದಗಳಲ್ಲಿ ಯಾವ ಊರಿನ, ಯಾವ ಮಗುವಿನ ಮಾತನ್ನೂ ಎತ್ತಿರಲಿಲ್ಲ. ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ ಅದು. ಅಂಥವಳು ಇದ್ದಾಳೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ನೀವು ಯಾರ ಕಡೆಯವರೋ ನನಗೆ ಗೊತ್ತಿಲ್ಲ.

ಒಂದು ಮಾತು ಬರೆಯುತ್ತೇನೆ. ನೀವು ಒಳ್ಳೆಯವರಾಗಿದ್ದರೆ ತಿಳಿದುಕೊಳ್ಳಿ. ಅಲ್ಲವಾದರೆ ನಿಮಗೆ ಮೊದಲೇ ಗೊತ್ತಿರುತ್ತದೆ. ನಮ್ಮ ಅರವತ್ತನಾಲ್ಕು ಜನರಲ್ಲಿ ಹನ್ನೊಂದು ಜನ ಹೊಡೆತ ತಾಳಲಾರದೆ ಗಂಡನ ಮನೆ ಬಿಟ್ಟು ಬಂದವರು. ಬೇರೆ ಬೇರೆ ಊರುಗಳಲ್ಲಿ ಬಾಡಿಗೆ ಮನೆ ಹಿಡಿದು ಹೊಲಿಗೆಯ ಮೇಲೆ ಬದುಕುತ್ತಿದ್ದಾರೆ. ಕೈಯಲ್ಲಿ ಫೋನ್ ಕೂಡ ಇಟ್ಟುಕೊಂಡಿಲ್ಲ. ಫೋನ್ ಇದ್ದರೆ ಪತ್ತೆ ಹಚ್ಚುತ್ತಾರೆ ಎಂಬ ಭಯ. ಜೆರಾಕ್ಸ್ ಅಂಗಡಿಗಳಲ್ಲಿ ಕೂತು ನಮ್ಮ ಮೇಲ್ ಓದುತ್ತಾರೆ. ಗಂಟು ಇಳಿಯುವ ಸ್ಟಾಪು ಎಂದರೆ ಅವರು ಸಿಗುವ ಜಾಗ. ನೀವು ರವಿಕೆ ಅಳತೆ ಎಂದು ನಕ್ಕಿರಲ್ಲ, ಆ ಪಟ್ಟಿಯಲ್ಲಿ ಇದ್ದದ್ದು ಇದು.

ಪಟ್ಟಿ ನಿಂತಿದ್ದ ಎಂಟು ದಿನಗಳಲ್ಲಿ ಎಲ್ಲೂ ಅಪರಿಚಿತರು ಓಡಾಡಿದ ಸುದ್ದಿ ಬರಲಿಲ್ಲ. ಏಪ್ರಿಲ್ ಒಂಬತ್ತರದು ಯಾರೋ ಕೈತಪ್ಪಿ ಕಳಿಸಿದ ಮೇಲ್ ಎಂದು ನಂಬಲು ಪ್ರಯತ್ನಿಸುತ್ತಿದ್ದೇನೆ.

ಇನ್ನು ಬರೆಯಬೇಡಿ.

ಅನುಶ್ರೀ

*

ಅರಕಲಗೂಡು
9 ಮೇ 2025, ಶುಕ್ರವಾರ, ಸಂಜೆ ನಾಲ್ಕು

ಅನುಶ್ರೀ,

ಬರೆಯಬೇಡಿ ಅಂದೆ. ಬರೆಯಲೇಬೇಕು. ಅಂಚೆಗೆ ಹಾಕಿದರೆ ತಡವಾಗುತ್ತದೆ, ಹೊಳೆನರಸೀಪುರದ ಬಸ್ಸಿನ ಕಂಡಕ್ಟರ್ ಬೋರಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಮೊದಲು ಮೇಲ್ ಮಾಡಿ ನೋಡಿದೆ. ‘ನೀವು ಸದಸ್ಯರಲ್ಲ’ ಎಂದು ವಾಪಸ್ ಬಂತು. ನಾನು ಬರೆದ ನಾಲ್ಕು ಸಾಲೇ ನನ್ನನ್ನು ಹೊರಗೆ ನಿಲ್ಲಿಸಿದವು. ಮಗನ ಮೊಬೈಲನ್ನೂ ಕೈಗೆ ತೆಗೆದುಕೊಂಡೆ. ಆದರೆ ನಿಮ್ಮ ನಂಬರು ಯಾವ ಪುಸ್ತಕದಲ್ಲೂ ಇಲ್ಲ. ಊರಿಗೆಲ್ಲಾ ನಂಬರು ಹುಡುಕಿಕೊಟ್ಟವನಿಗೆ ಒಂದು ನಂಬರು ಸಿಗಲಿಲ್ಲ.

ನಿನಗೆ ಸುಳ್ಳು ಬರೆದಿದ್ದೆ. ನನ್ನನ್ನು ಒಬ್ಬ ಕೇಳಿಕೊಂಡು ಬಂದಿದ್ದ. ಆ ಏಳನೆಯ ಉತ್ತರ ನನ್ನ ಕಂಪ್ಯೂಟರಿಗೇ ಬಂದದ್ದು. ‘ಹುಡುಕು’ ಎಂದು ಟೈಪ್ ಮಾಡಿದ್ದು ನಾನೇ.

ಏಪ್ರಿಲ್ ಒಂಬತ್ತರ ಬೆಳಿಗ್ಗೆ ಬಂದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಹೆಸರು ಅಭಿಷೇಕ್ ಅಂದ. ಸಾಲಗಾಮೆ ಕಡೆಯವರು, ಜಮೀನಿದೆ ಅಂದ. ಬರುವಾಗ ಒಂದು ಚಿಪ್ಪು ಬಾಳೆಹಣ್ಣು ತಂದಿದ್ದ. ಕೈಯಲ್ಲಿ ನಿಮ್ಮ ಪಟ್ಟಿಯ ಒಂದು ಹಳೆಯ ಮೇಲ್‌ನ ಪ್ರಿಂಟು, ಹೆಂಡತಿಯ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂದ. ಪ್ರತಿ ಮೇಲ್‌ನ ಕೆಳಗೂ ‘ಓಲೆಕಾರ, ದೊಡ್ಡಬೀರಯ್ಯ, ಅರಕಲಗೂಡು’ ಎಂದು ಬರುವ ಹಾಗೆ ನಾನೇ ಮಾಡಿದ್ದೆನಲ್ಲ, ಜಂಬಕ್ಕೆ. ಅದನ್ನು ಹಿಡಿದುಕೊಂಡು ಬಂದಿದ್ದಾನೆ.

“ಮಾತ್‌ಮಾತ್ಗೆ ಮುನಿಸ್ಕೊಂಡು ಓಗ್ಬುಟ್ಲು ಸಾ. ಮಗೀಗೆ ಜ್ವರ ಅಂತ ಯಾರೋ ಏಳುದ್ರು. ಎಲ್ಲವ್ಳೆ ಅಂತ ಗೊತ್ತಾದ್ರೆ ಕಾಲಿಗೆ ಬಿದ್ದಾದ್ರೂ ಕರ್ಕೊಬತ್ತೀನಿ” ಎಂದು ಮಗುವಿನ ಫೋಟೋ ತೋರಿಸಿ ಅತ್ತ. ವಿಜಯಮ್ಮನೂ ಕಣ್ಣೊರೆಸಿಕೊಂಡಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾನೇ ಅವನಿಗೆ ಸಮಾಧಾನ ಹೇಳಿದೆ. ರೂಪಶ್ರೀ ಅಂತ ಹೆಸರು ಕೊಟ್ಟ. ಟೈಪ್ ಮಾಡಿದೆ. ‘ನುಗ್ಗೇಹಳ್ಳಿ, ನಾಗೇಶ್ ಜೆರಾಕ್ಸ್ ಅಂಗಡಿ ಸ್ಟಾಪು’ ಎಂದು ಬಂತು. ಗಟ್ಟಿಯಾಗಿ ಓದಿ ಹೇಳಿದೆ. ಮಗಳೇ, ಆಗ ನನಗೆ ಎಷ್ಟು ಸಂತೋಷವಾಗಿತ್ತು ಗೊತ್ತೇ? ಹಳೆಯ ಕೆಲಸ ಮತ್ತೆ ಸಿಕ್ಕ ಹಾಗೆ.

ನಿನ್ನ ಎರಡನೆಯ ಕಾಗದದಲ್ಲಿ ಏಪ್ರಿಲ್ ಒಂಬತ್ತು ಎಂದು ಓದಿದಾಗಲೇ ಅವನ ಮುಖ ನೆನಪಾಯಿತು. ಆದರೂ ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಅವನು ಮೊನ್ನೆ ಮಂಗಳವಾರ ಮತ್ತೆ ಬಂದಿದ್ದ. ಈ ಸಲ ಅಳಲಿಲ್ಲ, ಫೋಟೋ ತೆಗೆಯಲಿಲ್ಲ. ಮಗುವಿನ ಜ್ವರ ಹೇಗಿದೆ ಅಂದರೆ “ಯಾವ ಜ್ವರ?” ಅಂದ. “ಆ ಜೆರಾಕ್ಸಿನೋನು ಬಾಯಿ ಬಿಡಾಕಿಲ್ಲ. ಗಂಟು ಸೋಮ್ವಾರ ಬತ್ತದಂತೆ. ಓದ್ಸಲ ನಾನ್ ಓಗೋ ಒತ್ಗೆ ಎತ್ಕೊಂಡ್ ಓಗ್ಬುಟ್ಟಿದ್ಲು. ಈ ಸೋಮ್ವಾರ ಗಂಟೇ ಬರ್ನಿಲ್ಲ. ಯಾವಾಗ ಬತ್ತದೆ ಕೇಳಿ ಏಳಿ” ಅಂದ. ಗೊತ್ತಿಲ್ಲ ಅಂದೆ. “ಬರ್ಲಿ ಬುಡಿ, ಅಲ್ಲೇ ಕುಂತಿರ್ತೀನಿ” ಎಂದು ಹೋದ.

ನೀನು ಪಟ್ಟಿ ನಿಲ್ಲಿಸಿದ್ದರಿಂದ ಅವಳು ಉಳಿದಳು. ನನ್ನ ತಿದ್ದುಪಡಿ ಬಂದು ಮತ್ತೆ ಶುರುವಾಯಿತು. ಬರುವ ಸೋಮವಾರ ನುಗ್ಗೇಹಳ್ಳಿಗೆ ಗಂಟು ಕಳಿಸಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಕಳಿಸಬೇಡ.

ದೊಡ್ಡಬೀರಯ್ಯ

*

ಹೊಳೆನರಸೀಪುರ
12 ಮೇ 2025, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ

ದೊಡ್ಡಬೀರಯ್ಯನವರೇ,

ನಿಮ್ಮ ಕಾಗದ ಈಗ ಕೈಗೆ ಬಂತು. ಬೋರಪ್ಪ ಶುಕ್ರವಾರ ಬರುವ ಹೊತ್ತಿಗೆ ಕೇಂದ್ರ ಮುಚ್ಚಿತ್ತಂತೆ. ಮಾರನೆಯ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಎರಡು ದಿನ ಬೀಗದ ಕೆಳಗೆ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಇವತ್ತು ಬೆಳಿಗ್ಗೆ ನಾನು ಅದರ ಮೇಲೆ ಕಾಲಿಟ್ಟುಕೊಂಡೇ ಒಳಗೆ ಬಂದಿದ್ದೇನೆ.

ಏಳೂವರೆಯ ತಿಪಟೂರು ಬಸ್ಸಿಗೆ ಗಂಟು ಹಾಕಿಯಾಗಿದೆ. ನಾನೇ ಹಾಕಿದೆ. ನಾಗೇಶ್ ಫೋನ್ ಎತ್ತುತ್ತಿಲ್ಲ. ಚನ್ನರಾಯಪಟ್ಟಣದ ಬಸ್ಸು ನಿಂತಿದೆ, ಹೊರಟೆ. ನೀವು ಇಲ್ಲಿಗೆ ಬಂದರೆ ಕೊಡಲು ಈ ಚೀಟಿಯನ್ನು ನೀಲಗಂಗಮ್ಮನ ಕೈಯಲ್ಲಿ ಬಿಟ್ಟಿರುತ್ತೇನೆ.

ಅವಳಿಗೆ ಏನಾದರೂ ಆದರೆ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ. ನನ್ನನ್ನೂ.

ಅನುಶ್ರೀ

*

ಅರಕಲಗೂಡು
14 ಮೇ 2025

ಅನುಶ್ರೀಗೆ,

ಬಲಗೈ ಕಟ್ಟಿದ್ದಾರೆ. ನಾನು ಹೇಳುತ್ತಿದ್ದೇನೆ, ವಿಜಯಮ್ಮ ಬರೆಯುತ್ತಿದ್ದಾಳೆ.

ಬೋರಪ್ಪನ ಕೈಗೆ ಕಾಗದ ಕೊಟ್ಟ ರಾತ್ರಿಯೇ ಎರಡನೇ ಶನಿವಾರ ನೆನಪಾಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ನಿಮ್ಮ ಊರಿಗೆ ಬಂದೆ. ಕೇಂದ್ರಕ್ಕೆ ಬೀಗ. ಪಕ್ಕದ ಅಂಗಡಿ, ಎದುರಿನ ಮನೆ, ಎಲ್ಲಾ ಕಡೆ ನಿನ್ನನ್ನು ಕೇಳಿದೆ. “ಆಯಮ್ಮ ಎಲ್ಲವ್ರೋ ಗೊತ್ತಿಲ್ಲ ಸಾ” ಅಂದರು. ಗೊತ್ತಿದ್ದೂ ಹೇಳುತ್ತಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಚೆನ್ನಾಗಿ ಕಲಿಸಿದ್ದೀಯ. ಪೊಲೀಸರ ಹತ್ತಿರ ಹೋದೆ. ಅಭಿಷೇಕ್‌ನ ಮನೆ ಯಾವುದು, ಏನು ಮಾಡಿದ್ದಾನೆ ಎಂದು ಕೇಳಿದರು. ಬಾಳೆಹಣ್ಣು ತಂದಿದ್ದ ಎಂದು ಹೇಳಬೇಕಾಗಿತ್ತು, ಅಷ್ಟೇ ಗೊತ್ತಿದ್ದದ್ದು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನುಗ್ಗೇಹಳ್ಳಿಯಲ್ಲಿದ್ದೆ. ನಾಗೇಶನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವನು ಹಿಂದಿನ ಬಾಗಿಲಿನಿಂದ ಅವಳಿಗೆ ಹೇಳಲು ಓಡಿದ. ಫೋನು ಅಂಗಡಿಯಲ್ಲೇ ಇತ್ತು, ಅದಕ್ಕೇ ನಿನಗೆ ಎತ್ತಲಿಲ್ಲ (ನಿನ್ನ ಚೀಟಿಯನ್ನು ಬೋರಪ್ಪ ತಂದುಕೊಟ್ಟ). ಆದರೆ ಅವಳು ಅಷ್ಟರಲ್ಲಿ ಮಗುವನ್ನು ಕರೆದುಕೊಂಡು ಇನ್ನೊಂದು ದಾರಿಯಲ್ಲಿ ಗಂಟಿಗೆಂದು ಹೊರಟಿದ್ದಳಂತೆ.

ಅಭಿಷೇಕ್ ಎದುರಿನ ಟೀ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದ, ತೊಡೆಯ ಮೇಲೊಂದು ಚೀಲ. ನನ್ನನ್ನು ನೋಡಿ ಎದ್ದ. ಅದೇ ಹೊತ್ತಿಗೆ ಬಸ್ಸು ಬಂತು, ಟಾಪಿನಿಂದ ಗಂಟು ದೊಪ್ಪನೆ ಬಿತ್ತು. ದೇವಸ್ಥಾನದ ಕಡೆಯ ಓಣಿಯಲ್ಲಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಬರುತ್ತಿರುವುದು ನನಗೆ ಕಂಡಿತು. ಅವನ ಬೆನ್ನು ಆ ಕಡೆಗಿತ್ತು.

ಯೋಚನೆ ಮಾಡಲಿಲ್ಲಮ್ಮ. ಗಂಟನ್ನು ಹೆಗಲಿಗೇರಿಸಿದೆ. “ಬಾರಪ್ಪ, ಬಾ ಬಾ, ಅವ್ಳು ಇಲ್ಲಿಲ್ಲ. ತಿಪಟೂರ್ಗೆ ಮನೆ ಮಾಡ್ಕೊಂಡು ಓಗವ್ಳೆ. ಗಂಟು ನಾನೇ ಕೊಡಾಕ್ ಓಯ್ತಾ ಇವ್ನಿ. ಅತ್ತು ಬಿರ್ನೆ, ಬಸ್ ಒಂಟೋಯ್ತದೆ” ಎಂದು ಕೂಗಿದೆ. ಒಂದು ಸಲ ಸರಿಯಾದ ವಿಳಾಸ ಕೊಟ್ಟವನು ನಾನು. ನಂಬಿದ. ಹತ್ತಿದ. ಅವನನ್ನು ಕಿಟಕಿಯಿಂದ ದೂರದ ಸೀಟಿಗೆ ನೂಕಿ, ಗಂಟನ್ನು ಅಡ್ಡ ಇಟ್ಟುಕೊಂಡು ಕೂತೆ.

ಮುಕ್ಕಾಲು ಗಂಟೆಯ ದಾರಿ. ದಾರಿಯುದ್ದಕ್ಕೂ ಬೀದಿ ಹೇಳಿದೆ, ಮನೆಯ ಬಣ್ಣ ಹೇಳಿದೆ, ಓನರ್ ಹೆಸರು ಹೇಳಿದೆ. ಮೂವತ್ತೊಂದು ವರ್ಷದಲ್ಲಿ ಬೇಕೆಂದೇ ಕೊಟ್ಟ ಮೊದಲ ರಾಂಗ್ ನಂಬರು. ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ಆಶ್ಚರ್ಯ.

ತಿಪಟೂರಿನ ಸ್ಟ್ಯಾಂಡಿನಲ್ಲಿ ಇಳಿದು ಸಿಮೆಂಟ್ ಬೆಂಚಿನ ಮೇಲೆ ಕೂತೆ. “ಎಲ್ಲವ್ಳೆ?” ಅಂದ. “ನಂಗೊತ್ತಿಲ್ಲ ಕಣಪ್ಪ. ಗೊತ್ತಿದ್ರೂ ಏಳಾಕಿಲ್ಲ” ಅಂದೆ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಗಂಟನ್ನು ಕಿತ್ತು ಬಿಚ್ಚಿ ನೀಲಿ ಲಂಗದ ಬಟ್ಟೆಯನ್ನೆಲ್ಲ ರಸ್ತೆಗೆ ಎಸೆದ. ಆಮೇಲೆ ನನ್ನನ್ನು ಹಿಡಿದ. ಕನ್ನಡಕ ಹೋಯಿತು, ಮಣಿಕಟ್ಟು ಮುರಿಯಿತು. ಕೊಬ್ಬರಿ ಹೊರುವ ಹಮಾಲಿಗಳು ನಾಲ್ಕು ಜನ ಬಂದು ಅವನನ್ನು ಅಮುಕಿ ಹಿಡಿದು ಪೊಲೀಸರಿಗೆ ಕೊಟ್ಟರು. ಸ್ಟೇಷನ್ನಿನಲ್ಲಿ ಅವನ ಚೀಲ ತೆಗೆಸಿದರು. ಮಗುವಿನ ಫೋಟೋ ಇರಲಿಲ್ಲ. ಹೊಸದಾಗಿ ಸಾಣೆ ಹಿಡಿಸಿದ ಮಚ್ಚಿತ್ತು.

ಅದನ್ನು ನೋಡಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಕೈ ನೋವು ಎಂದುಕೊಂಡು ಕಾನ್ಸ್‌ಟೇಬಲ್ ನೀರು ಕೊಟ್ಟ. ನಾನು ದೋಷ ಮಾಡಿದವನು, ಅನುಶ್ರೀ. ಅದಕ್ಕೆ ಅನುಕೂಲ ಎಂದು ಹೆಸರಿಟ್ಟಿದ್ದೆ.

ದೊಡ್ಡಬೀರಯ್ಯ

(ಇದು ನಾನು ವಿಜಯಮ್ಮ ಬರೆಯುತ್ತಿರುವುದು. ಅವತ್ತು ಬಾಳೆಹಣ್ಣು ಇಸಿದುಕೊಂಡವಳು ನಾನೇ. ಮೂರು ದಿನದಿಂದ ಅವರು ಸರಿಯಾಗಿ ಊಟ ಮಾಡಿಲ್ಲ. ಆ ತಾಯಿ ಮಗು ಚೆನ್ನಾಗಿದ್ದಾರೆ ಎಂದು ಒಂದು ಸಾಲು ಬರಿಯವ್ವ.)

*

ಹೊಳೆನರಸೀಪುರ
22 ಮೇ 2025

ದೊಡ್ಡಬೀರಯ್ಯನವರಿಗೆ, ವಿಜಯಮ್ಮನವರಿಗೆ,

ಚೆನ್ನಾಗಿದ್ದಾರೆ. ಮೊದಲು ಇದನ್ನು ಓದಿ, ಊಟ ಮಾಡಿ.

ನಾನು ನುಗ್ಗೇಹಳ್ಳಿ ತಲುಪುವ ಹೊತ್ತಿಗೆ ರೂಪಶ್ರೀ ನಾಗೇಶನ ಅಂಗಡಿಯ ಒಳಗೆ ಪೇಪರ್ ಬಂಡಲುಗಳ ಹಿಂದೆ ಕೂತಿದ್ದಳು. ಮಗು ಅವಳ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. “ಯಾರೋ ತಾತ ನಮ್ ಗಂಟ್ ಎತ್ಕೊಂಡ್ ಓಡೋದ ಅಕ್ಕ, ಕಳ್ಳ ಅಂದ್ಕೊಂಡೆ” ಅಂದಳು. ನೀವು ಯಾರು ಎಂದು ಹೇಳಿದೆ. ಮಾಡಿದ್ದು ಎರಡನ್ನೂ ಹೇಳಿದೆ.

ತಪ್ಪು ನಿಮ್ಮದೊಂದೇ ಅಲ್ಲ. ಗಂಟಿನ ಬಗ್ಗೆ ಕೇಳುತ್ತಿದ್ದ ಆ ಮನುಷ್ಯನ ಮೇಲೆ ನಾಗೇಶನಿಗೆ ಏಪ್ರಿಲ್ ಕೊನೆಯಲ್ಲೇ ಅನುಮಾನ ಬಂದು, ರೂಪಶ್ರೀಯನ್ನು ಸುಮ್ಮನೆ ಹೆದರಿಸುವ ಮೊದಲು ನನ್ನನ್ನು ಕೇಳೋಣ ಎಂದು ಪಟ್ಟಿಯ ಮೂಲಕ ಎರಡು ಮೇಲ್ ಹಾಕಿದ್ದ; ಕೇಂದ್ರದ ನಂಬರು ಅವನ ಹತ್ತಿರವೂ ಇರಲಿಲ್ಲ. ನಾನು ಪಟ್ಟಿ ನಿಲ್ಲಿಸಿದ್ದೆನಲ್ಲ, ಎರಡೂ ನನಗೆ ತಲುಪದೆ ಹೊರಗೇ ಉಳಿದವು. ಸುದ್ದಿ ಬರಲಿಲ್ಲ ಎಂದರೆ ಅಪಾಯವಿಲ್ಲ ಎಂದುಕೊಂಡೆ. ಬಾಗಿಲು ಮುಚ್ಚುವಾಗ ಕಿವಿಯನ್ನೂ ಮುಚ್ಚಿಕೊಂಡಿದ್ದೆ.

ನಿಮ್ಮ ಮೇಲೆ ಇನ್ನೂ ಕೋಪವಿದೆ. ಹೋಗಲು ಸಮಯ ಬೇಕು. ನಾನು ಹಾಸನದಲ್ಲಿ ನನ್ನ ಹೆಸರು ಹುಡುಕಿ ಯಾಕೆ ಹೆದರಿದೆ ಎಂದು ಕೇಳಬೇಡಿ ಅಂದಿದ್ದೆ. ಆ ಹನ್ನೊಂದು ಜನರಲ್ಲಿ ಮೊದಲನೆಯವಳು ನಾನು. ಒಂಬತ್ತು ವರ್ಷವಾಯಿತು. ನನ್ನ ಕಡೆಯವನು ನಿಮ್ಮ ಮನೆಗೆ ಬಂದಿದ್ದರೂ ಹಣ್ಣು ತಂದಿರುತ್ತಿದ್ದ, ಅತ್ತೂ ಇರುತ್ತಿದ್ದ.

ಅಭಿಷೇಕ್ ಜೈಲಿನಲ್ಲಿದ್ದಾನೆ, ಕೇಸು ನಡೆಯುತ್ತದೆ. ಎಷ್ಟು ದಿನವೋ ಗೊತ್ತಿಲ್ಲ. ರೂಪಶ್ರೀಯನ್ನು ಬೇರೆ ಊರಿಗೆ ಕಳಿಸಿದ್ದೇವೆ. ಯಾವ ಊರು ಎಂದು ನಿಮಗೆ ಬರೆಯುವುದಿಲ್ಲ.

‘ಹುಡುಕು’ ವಿಭಾಗವನ್ನು ಪೂರ್ತಿ ತೆಗೆದುಹಾಕಿದೆ. ಗಂಟು ಇಳಿಯುವ ಸ್ಟಾಪಿನ ಕಾಲಂ ಕೂಡ ಈಗ ಇಲ್ಲ. ಅದೆಲ್ಲ ನೀಲಗಂಗಮ್ಮನ ತಲೆಯಲ್ಲಿದೆ. “ಈ ಬುರುಡೆ ಒಳ್ಗೆ ಕೈ ಆಕಿ ನೋಡ್ಲಿ ಯಾವನಾದ್ರೂವೆ” ಅನ್ನುತ್ತಾರೆ. ಪ್ರತಿ ಮೇಲ್‌ನ ಕೆಳಗೆ ಬರುತ್ತಿದ್ದ ನಿಮ್ಮ ಹೆಸರನ್ನೂ ತೆಗೆದೆ, ಬೇಸರ ಮಾಡಿಕೊಳ್ಳಬೇಡಿ. ಮೊದಲ ಪುಟದ ‘ದೋಷ ಕಂಡರೆ ಒಂದು ಕಾರ್ಡು ಹಾಕಿ’ ಮಾತ್ರ ಹಾಗೆಯೇ ಇದೆ.

ಅನುಶ್ರೀ

*

ಅರಕಲಗೂಡು
14 ಜೂನ್ 2025

ಚಿರಂಜೀವಿ ಅನುಶ್ರೀಗೆ ಆಶೀರ್ವಾದ.

ಕೈಯ ಕಟ್ಟು ಬಿಚ್ಚಿದ್ದಾರೆ, ಅಕ್ಷರ ಇನ್ನೂ ಸೊಟ್ಟ. ಊಟ ಮಾಡುತ್ತಿದ್ದೇನೆ. ಕೋಪ ಇಟ್ಟುಕೊ, ನಿನಗೆ ಬೇಕಾದಷ್ಟು ದಿನ ಇಟ್ಟುಕೊ. ಊರಿನ ಹೆಸರು ಬರೆಯದೆ ಇದ್ದೆಯಲ್ಲ, ಅದು ನನ್ನ ನಾಲ್ಕು ಸಾಲಿಗಿಂತ ಒಳ್ಳೆಯ ತಿದ್ದುಪಡಿ.

ನಿನ್ನೆ ಬೋರಪ್ಪ ಬಸ್ಸು ನಿಲ್ಲಿಸಿಕೊಂಡು ಮನೆತನಕ ಬಂದ. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಮೇಲೆ ನನ್ನ ಹೆಸರು ಮಾತ್ರ, ಕಳಿಸಿದವರ ಹೆಸರಿಲ್ಲ, ಊರಿಲ್ಲ. ಬಿಚ್ಚಿದರೆ ನೀಲಿ ಲಂಗದ ಬಟ್ಟೆಯಲ್ಲಿ ಹೊಲಿದ ಒಂದು ಕೈಚೀಲ, ಒಳಗಡೆ ಕನ್ನಡಕ ಇಡಲು ಅಳತೆಗೆ ಸರಿಯಾಗಿ ಒಂದು ಜೇಬು.

“ಮೂರು ಬಸ್ ಬದ್ಲಾಯಿಸ್ಕೊಂಡ್ ಬಂದದೆ ಸಾ ಇದು. ಮೊದ್ಲು ಎಲ್ಲಿ ಅತ್ತುಸುದ್ರು ಗೊತ್ತಾ?” ಎಂದು ಬೋರಪ್ಪ ಬಾಯಿ ತೆರೆದ.

“ಬ್ಯಾಡ ಕಣ್ಲಾ. ಏಳ್ಬ್ಯಾಡ” ಅಂದೆ. ಅವನು ಬೆಪ್ಪಾಗಿ ನೋಡಿದ. ನೀನೂ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು ಕಳಿಸಿದೆ.

ವಿಜಯಮ್ಮ ಒಳಗಿನಿಂದ ಬಂದು “ಯಾರ್ ಕಳ್ಸವ್ರೆ?” ಅಂದಳು. ಗೊತ್ತಿಲ್ಲ ಅಂದೆ. “ಎಲ್ಲಿಂದ?” ಅಂದಳು. ಗೊತ್ತಿಲ್ಲ ಅಂದೆ. ಅವಳು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟಳು.

ಹೊಲಿಗೆಯೆಲ್ಲ ಮಿಷನ್ನಿನದು, ಗೆರೆ ಎಳೆದ ಹಾಗಿದೆ. ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ಕೆಂಪು ದಾರದಲ್ಲಿ ಕೈಹೊಲಿಗೆ. ಅಂಕುಡೊಂಕು, ಒಂದು ಉದ್ದ, ಒಂದು ಗಿಡ್ಡ. ಎಳೆಯ ಕೈಯದು. ಮಗು ಸೂಜಿ ಹಿಡಿಯುವುದನ್ನು ಕಲಿಯುತ್ತಿದೆ. ಅಷ್ಟು ಗೊತ್ತಾಯಿತು ನನಗೆ, ಅಷ್ಟೇ ಸಾಕು.

ದೊಡ್ಡಬೀರಯ್ಯ